ಮೂವತ್ತೊಂಬತ್ತು ಅಂಕಗಳ ಒಂದು ಅವಿಭಾಜ್ಯ ಸಂಖ್ಯೆಯ ಇತಿಹಾಸ

ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವ ಪೂರ್ಣಾಂಕದಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯನ್ನು ಅವಿಭಾಜ್ಯವೆಂದು ಗಣಿತಜ್ಞರು ಕರೆಯುತ್ತಾರೆ. ೨, ೩, ೫, ೭, ೧೧, ೧೩ ಮೊದಲಾದ ಅಲ್ಪಸಂಖ್ಯೆಗಳ ವಿಷಯದಲ್ಲಿ ಇದನ್ನು ನಿರ್ಣಯಿಸುವುದು ಬಾಲಕರಿಗೂ ಸುಲಭ. ಸಂಖ್ಯೆಯು ಬೆಳೆದಂತೆಲ್ಲ ನಿರ್ಣಯವು ದುಸ್ಸಾಧ್ಯವಾಗುತ್ತ ಹೋಗುತ್ತದೆ. ೨ರ ೧೨೭ನೆಯ ಘಾತದಿಂದ ಒಂದನ್ನು ಕಳೆದರೆ ಬರುವ ಸಂಖ್ಯೆಯು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅದು ಹೀಗಿದೆ:

೧೭೦ ೧೪೧ ೧೮೩ ೪೬೦ ೪೬೯ ೨೩೧ ೭೩೧ ೬೮೭ ೩೦೩ ೭೧೫ ೮೮೪ ೧೦೫ ೭೨೭

ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಹೇಳುವ ಸ್ಥಾನನಾಮಗಳು ಪರಾರ್ಧದವರೆಗೆ ಹದಿನೆಂಟು. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಅವನ್ನು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕಕ್ಕೆ ಏರಿಸಿದನು. ಮೇಲಣ ಸಂಖ್ಯೆಗೆ ಮೂವತ್ತೊಂಬತ್ತು ಸ್ಥಾನಗಳು ಬೇಕು. ಇದು ಅವಿಭಾಜ್ಯವೆಂದು ೧೬೪೪ರಲ್ಲಿ ಒಬ್ಬನು ಬರೆದನು. ೧೮೭೬ರಲ್ಲಿ ಇನ್ನೊಬ್ಬನು ಅದನ್ನು ಪರೀಕ್ಷೆಯಿಂದ ಕಂಡೆನೆಂದು ಪ್ರಕಟಿಸಿದನು. ಇಬ್ಬರ ವಾಕ್ಯವೂ ಒಂದೇ, ವಾಕ್ಯದ ಅರ್ಥವೂ ನಿಜವೇ. ಹೀಗಿದ್ದರೂ ಮೊದಲನೆಯವನದನ್ನು ಜ್ಞಾನವೆಂದು ಯಾರೂ ಎಣಿಸುವುದಿಲ್ಲ. ಈ ಭೇದಕ್ಕೆ ಕಾರಣವೇನೆಂಬುದೇ ಈ ಸಂಖ್ಯೆಯ ಇತಿಹಾಸದಲ್ಲಿ ಮುಖ್ಯವಾಗಿ ವಿಚಾರಿಸತಕ್ಕ ಅಂಶವಾಗಿದೆ.

೧. ಸಂಖ್ಯೆಯ ಸ್ವರೂಪ

ಛಂದಶ್ಶಾಸ್ತ್ರವನ್ನು ಓದಿದವರಿಗೆ ಈ ಸಂಖ್ಯೆಯ ಸ್ವರೂಪವು ಅಪರಿಚಿತವಲ್ಲ. ಪಾದವೊಂದಕ್ಕೆ ಮೂರು ಅಕ್ಷರಗಳಿದ್ದರೆ ಗುರುಲಘುಗಳ ಪ್ರಸ್ತಾರದಲ್ಲಿ ಎಂಟು ಭೇದಗಳು ಬರುತ್ತವೆ. ಮಗಣದಿಂದ ನಗಣದವರೆಗಿನ ಅಷ್ಟಗಣಗಳು ಇವೇ. ಅಕ್ಷರವೊಂದು ಹೆಚ್ಚಿದಂತೆಲ್ಲ ಭೇದಗಳು ಇಮ್ಮಡಿಯಾಗುತ್ತವೆ. ಉಕ್ತೆಯಿಂದ ಉತ್ಕೃತಿಯವರೆಗೆ ಇಪ್ಪತ್ತಾರು ಛಂದಸ್ಸುಗಳನ್ನು ಶಾಸ್ತ್ರಕಾರರು ಎಣಿಸಿದ್ದಾರೆ. ಪಾದಕ್ಕೆ ನೂರಿಪ್ಪತ್ತೇಳು ಅಕ್ಷರಗಳ ವೃತ್ತವೊಂದನ್ನು ಕಲ್ಪಿಸಿದರೆ ಅದರ ಪ್ರಸ್ತಾರಭೇದಗಳು ೨ರ ೧೨೭ನೆಯ ಘಾತದಷ್ಟು.

ಇದನ್ನು ಗುಣಿಸಲು ನೂರಿಪ್ಪತ್ತಾರು ಸಲ ಇಮ್ಮಡಿಸಬೇಕಾಗಿಲ್ಲ. ಪಿಂಗಲನ ಛಂದಸ್ಸೂತ್ರಗಳಲ್ಲಿಯೇ ಲಘೂಪಾಯವೊಂದು ಉಂಟು. ಅಕ್ಷರಸಂಖ್ಯೆಯು ಬೆಸವಾದರೆ ಒಂದನ್ನು ಕಳೆದು ಇಮ್ಮಡಿಯ ಗುರುತನ್ನಿಡುವುದು. ಸಮವಾದರೆ ಅರ್ಧಮಾಡಿ ವರ್ಗದ ಗುರುತನ್ನಿಡುವುದು. ಶೂನ್ಯವು ಬಂದಮೇಲೆ ಒಂದರಿಂದ ಆರಂಭಿಸಿ ಗುರುತುಗಳನ್ನು ಕೊನೆಯಿಂದ ಮೊದಲಿಗೆ ಅನುಸರಿಸುವುದು. ೧೨೭ಕ್ಕೆ ಈ ಕ್ರಮವನ್ನು ಹಿಡಿದರೆ ಏಳು ಸಲ ಇಮ್ಮಡಿಸುವುದರಿಂದಲೂ ಆರು ಸಲ ವರ್ಗಿಸುವುದರಿಂದಲೂ, ಅಂತೂ ಹದಿಮೂರು ಕ್ರಿಯೆಗಳಿಂದ ಫಲವು ಸಿದ್ಧಿಸುತ್ತದೆ.

ಒಂದನ್ನು ಕಳೆಯುವುದಕ್ಕೂ ಅಲ್ಲಿ ಅರ್ಥವುಂಟು. ಉದ್ದಿಷ್ಟವಿಧಿಯಲ್ಲಿ ಅಕ್ಷರಗಳ ಮೇಲೆ ಕ್ರಮವಾಗಿ ೧, ೨, ೪, ೮ ಎಂದು ಬರೆದು, ಲಘುಗಳ ಮೇಲಿರುವ ಅಂಕಗಳನ್ನು ಕೂಡಿಸಿ, ಒಂದನ್ನು ಸೇರಿಸಿದರೆ ಆ ಭೇದವು ಪ್ರಸ್ತಾರದಲ್ಲಿ ಎಷ್ಟನೆಯದೆಂಬುದು ತಿಳಿಯುತ್ತದೆ. ನಗಣಕ್ಕೆ ೧, ೨, ೪ ಕೂಡಿ ಏಳು. ಒಂದನ್ನು ಸೇರಿಸಿದರೆ ಎಂಟನೆಯದು. ಸರ್ವಲಘುವಾದ ನೂರಿಪ್ಪತ್ತೇಳು ಅಕ್ಷರಗಳ ಪಾದದಲ್ಲಿ, ಒಂದನ್ನು ಸೇರಿಸುವ ಮೊದಲು ಬರುವ ಮೊತ್ತವೇ ಪ್ರಕೃತ ಸಂಖ್ಯೆ.

ಆದರೆ ಈ ಸಂಖ್ಯೆಗೆ ಭಾಜಕವಿದೆಯೋ ಇಲ್ಲವೋ ಎಂಬ ಪ್ರಶ್ನೆಯು ಛಂದಶ್ಶಾಸ್ತ್ರದ್ದಲ್ಲ. ಭಾಜಕಗಳನ್ನು ಹುಡುಕುವ ವಿಷಯದಲ್ಲಿ ನಾರಾಯಣಪಂಡಿತನು ೧೩೫೬ರ ಗಣಿತಕೌಮುದಿಯಲ್ಲಿ ಒಂದು ಅಧ್ಯಾಯವನ್ನೇ ಬರೆದು, ಸಂಖ್ಯೆಯನ್ನು ಎರಡು ವರ್ಗಗಳ ಅಂತರವಾಗಿ ಮಾಡಿ ಭಾಜಕಗಳನ್ನು ಪಡೆಯುವ ಉಪಾಯವನ್ನು ಹೇಳಿದ್ದಾನೆ. ೨ರ ಘಾತದಿಂದ ಒಂದನ್ನು ಕಳೆದ ಸಂಖ್ಯೆಗಳ ಅವಿಭಾಜ್ಯತ್ವದ ವಿಚಾರವು ಬೆಳೆದುದು ಗ್ರೀಕ್ ದೇಶದಲ್ಲಿಯೂ ಅನಂತರ ಯೂರೋಪಿನಲ್ಲಿಯೂ.

೨. ಯೂಕ್ಲಿಡನಿಂದ ಮೆರ್ಸೆನನವರೆಗೆ

ತನ್ನ ಭಾಜಕಗಳ ಮೊತ್ತಕ್ಕೆ ತಾನೇ ಸಮನಾದ ಸಂಖ್ಯೆಯನ್ನು ಗ್ರೀಕರು ಪರಿಪೂರ್ಣವೆಂದು ಕರೆದರು. ೬ ಎಂಬುದು ೧, ೨, ೩ರ ಮೊತ್ತ. ೨೮ ಎಂಬುದು ೧, ೨, ೪, ೭, ೧೪ರ ಮೊತ್ತ. ಯೂಕ್ಲಿಡನು ತನ್ನ ಮೂಲತತ್ತ್ವಗಳ ಒಂಬತ್ತನೆಯ ಅಧ್ಯಾಯದ ಕೊನೆಯ ಪ್ರಮೇಯದಲ್ಲಿ, ೧, ೨, ೪, ೮ ಎಂದು ಕೂಡಿಸುತ್ತ ಹೋಗುವಾಗ ಮೊತ್ತವು ಅವಿಭಾಜ್ಯವಾದಲ್ಲಿ ಆ ಮೊತ್ತವನ್ನು ಕೊನೆಯ ಪದದಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆಯು ಬರುವುದೆಂದು ಸಾಧಿಸಿದನು. ಪ್ರಾಚೀನರು ಹೀಗೆ ೬, ೨೮, ೪೯೬, ೮೧೨೮ ಎಂಬ ನಾಲ್ಕನ್ನು ಅರಿತಿದ್ದರು.

ಘಾತಾಂಕವು ವಿಭಾಜ್ಯವಾದರೆ ಮೊತ್ತವೂ ವಿಭಾಜ್ಯವೇ ಆಗುತ್ತದೆ. ಆದಕಾರಣ ಅವಿಭಾಜ್ಯವಾದ ಘಾತಾಂಕಗಳನ್ನು ಮಾತ್ರ ವಿಚಾರಿಸಿದರೆ ಸಾಕು. ಅಂಥ ಘಾತಾಂಕಗಳೆಲ್ಲ ಅವಿಭಾಜ್ಯಗಳನ್ನೇ ಕೊಡುವುವೆಂಬ ಭ್ರಮೆಯು ಬಹುಕಾಲ ಇದ್ದಿತು. ೧೫೩೬ರಲ್ಲಿ ರೇಗಿಯುಸ್ ಎಂಬವನು ೨ರ ೧೧ನೆಯ ಘಾತದಿಂದ ಒಂದನ್ನು ಕಳೆದ ೨೦೪೭ ಎಂಬುದು ೨೩, ೮೯ ಇವುಗಳ ಗುಣಲಬ್ಧವೆಂದು ತೋರಿಸಿದನು. ಇಟಲಿಯ ಕತಾಲ್ದಿಯು ಭಾಜಕಗಳನ್ನು ಒಂದೊಂದಾಗಿ ಪ್ರಯೋಗಿಸಿ ೧೭, ೧೯ ಎಂಬ ಘಾತಾಂಕಗಳು ಅವಿಭಾಜ್ಯಗಳನ್ನು ಕೊಡುವುದನ್ನು ನಿಶ್ಚಯಿಸಿದನು. ೨೩, ೨೯, ೩೧, ೩೭ ಇವೂ ಹಾಗೆಯೇ ಎಂದು ಆತನು ಊಹಿಸಿದನು. ಅವುಗಳಲ್ಲಿ ೩೧ ಮಾತ್ರ ಸರಿಯಾಯಿತು. ೧೬೪೦ರಲ್ಲಿ ಫ್ರಾನ್ಸಿನ ಫೆರ್ಮಾ ಎಂಬ ಮೇಧಾವಿಯು, ಘಾತಾಂಕವು ಅವಿಭಾಜ್ಯವಾಗಿದ್ದಲ್ಲಿ ಇಂಥ ಸಂಖ್ಯೆಗಿರಬಹುದಾದ ಪ್ರತಿಯೊಂದು ಅವಿಭಾಜ್ಯ ಭಾಜಕದಿಂದ ಒಂದನ್ನು ಕಳೆದರೆ ಉಳಿದದ್ದು ಆ ಘಾತಾಂಕದಿಂದ ಭಾಗವಾಗಲೇಬೇಕೆಂಬ ನಿಯಮವನ್ನು ಕಂಡು, ೩೭ರ ಸಂಖ್ಯೆಗೆ ೨೨೩ ಭಾಜಕವೆಂದು ತೋರಿಸಿದನು.

ಈ ಫೆರ್ಮಾವಿನೊಡನೆ ಪತ್ರವ್ಯವಹಾರವಿದ್ದ ಮಾರೆನ್ ಮೆರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿಯು ಪ್ಯಾರಿಸ್ ನಗರದಲ್ಲಿದ್ದನು. ೧೬೪೪ರಲ್ಲಿ ಪ್ರಕಟವಾದ ಆತನ ಗ್ರಂಥವೊಂದರ ಪೀಠಿಕೆಯಲ್ಲಿ, ೨೫೭ರವರೆಗಿನ ಘಾತಾಂಕಗಳ ಪೈಕಿ ೨, ೩, ೫, ೭, ೧೩, ೧೭, ೧೯, ೩೧, ೬೭, ೧೨೭, ೨೫೭ ಇವು ಹನ್ನೊಂದು ಮಾತ್ರ ಅವಿಭಾಜ್ಯಗಳನ್ನು ಕೊಡುವುವೆಂದು ಹೇಳಿದೆ. ಉಪಪತ್ತಿಯನ್ನು ಕೊಟ್ಟಿಲ್ಲ. ಹದಿನೈದು ಇಪ್ಪತ್ತು ಅಂಕಗಳ ಸಂಖ್ಯೆಯೊಂದು ಅವಿಭಾಜ್ಯವೇ ಎಂದು ಪರೀಕ್ಷಿಸಲು ಕಾಲವೆಲ್ಲವೂ ಸಾಲದೆಂದು ಆತನೇ ಅಲ್ಲಿ ಒಪ್ಪಿಕೊಂಡಿರುವಾಗ, ಮೂವತ್ತೊಂಬತ್ತು ಅಂಕಗಳ ವಿಷಯದಲ್ಲಿ ಆತನಿಗೆ ಪ್ರಮಾಣವಿತ್ತೆಂದು ಹೇಳಲಾಗುವುದಿಲ್ಲ. ಆದರೂ ಆತನ ಹೆಸರಿನ ಗೌರವದಿಂದ ಈ ಪಟ್ಟಿಯು ಎರಡು ಶತಮಾನಗಳಿಗೂ ಮೀರಿ ಪ್ರಚಾರದಲ್ಲಿದ್ದಿತು. ಇಂಥ ಸಂಖ್ಯೆಗಳಿಗೆ ಮೆರ್ಸೆನ್ ಸಂಖ್ಯೆಗಳೆಂಬ ಹೆಸರೂ ನಿಂತಿತು.

೩. ಅನುಪಲಬ್ಧಿಯ ಮಾರ್ಗ

ಭಾಜಕವು ಇಲ್ಲವೆಂಬುದು ಒಂದು ಅಭಾವದ ಜ್ಞಾನ. ಅಭಾವವನ್ನು ಅನುಪಲಬ್ಧಿಯಿಂದ ತಿಳಿಯಬಹುದಾದರೂ ಆ ಅನುಪಲಬ್ಧಿಯು ಯೋಗ್ಯವಾಗಿರಬೇಕೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಬೆಳಕಿರುವ ಕೋಣೆಯಲ್ಲಿ ಘಟವು ಕಾಣದಿದ್ದರೆ ಘಟವಿಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನುವಂತಿಲ್ಲ. ಅದರಂತೆ, ಇರಬಹುದಾದ ಭಾಜಕಗಳನ್ನೆಲ್ಲ ಪ್ರಯೋಗಿಸಿ ಮುಗಿಸಿದ ಹೊರತು ಭಾಜಕವು ಸಿಕ್ಕಲಿಲ್ಲವೆಂಬುದರಿಂದ ಅವಿಭಾಜ್ಯತ್ವವು ಸಿದ್ಧಿಸುವುದಿಲ್ಲ. ಸಂಖ್ಯೆಯ ವರ್ಗಮೂಲದವರೆಗೆ ಪ್ರಯೋಗಿಸಿದರೆ ಸಾಕೆಂಬುದಷ್ಟೇ ಇಲ್ಲಿ ದೊರೆಯುವ ಸೌಕರ್ಯ.

ಆಯ್ಲರನು ಈ ಮಾರ್ಗವನ್ನು ಅದರ ಎಲ್ಲೆಯವರೆಗೆ ಕೊಂಡೊಯ್ದನು. ೩೧ನೆಯ ಘಾತದ ಸಂಖ್ಯೆಯಾದ ೨೧೪೭೪೮೩೬೪೭ಕ್ಕೆ ಅವಿಭಾಜ್ಯ ಭಾಜಕವೇನಾದರೂ ಇದ್ದರೆ ಅದನ್ನು ೨೪೮ರಿಂದ ಭಾಗಿಸಿದಾಗ ಶೇಷವು ೧ ಅಥವಾ ೬೩ ಆಗಿಯೇ ಇರಬೇಕೆಂದು ತೋರಿಸಿ, ಅಂಥವನ್ನೆಲ್ಲ ೪೬,೩೪೦ರವರೆಗೆ ಪರೀಕ್ಷಿಸಿ, ಅದು ಅವಿಭಾಜ್ಯವೆಂದು ೧೭೭೨ರಲ್ಲಿ ತಿಳಿಸಿದನು. ೧೮೧೧ರಲ್ಲಿ ಇಂಗ್ಲೆಂಡಿನ ಬಾರ್ಲೋ ಎಂಬವನು, ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಎಂದಿಗೂ ಕಂಡುಹಿಡಿಯಲಾರರು, ಏಕೆಂದರೆ ಇವು ಕುತೂಹಲಕ್ಕಲ್ಲದೆ ಉಪಯೋಗಕ್ಕೆ ಬಾರವು ಎಂದು ಬರೆದನು.

ಆಯ್ಲರನ ಮಾರ್ಗವನ್ನೇ ಹಿಡಿದವರಿಗೆ ಬಾರ್ಲೋವಿನ ಮಾತು ತಕ್ಕಮಟ್ಟಿಗೆ ಸರಿಯೇ. ೧೨೭ನೆಯ ಘಾತದ ಸಂಖ್ಯೆಯಲ್ಲಿ, ೧೦೧೬ರಿಂದ ಭಾಗಿಸಿದಾಗ ೧ ಅಥವಾ ೨೫೫ ಉಳಿಯುವಂಥವನ್ನು ಮಾತ್ರ ಪ್ರಯೋಗಿಸಿದರೆ ಸಾಕು. ಆದರೆ ಸಂಖ್ಯೆಯ ವರ್ಗಮೂಲವೇ ಇಪ್ಪತ್ತು ಅಂಕಗಳದು. ನಿಮಿಷಕ್ಕೆ ಅರುವತ್ತರಂತೆ ಹಗಲಿರುಳು ಭಾಗಾಹಾರ ಮಾಡಿದರೂ ಮುಗಿಯಲು ಸುಮಾರು ಎಂಬತ್ತು ಕೋಟಿ ವರ್ಷಗಳು ಬೇಕು. ಇಲ್ಲಿ ಯೋಗ್ಯಾನುಪಲಬ್ಧಿಯು ಮನುಷ್ಯನಿಗೆ ಅಶಕ್ಯ. ಬೇರೊಂದು ಪ್ರಮಾಣವಿಲ್ಲದಿದ್ದರೆ ಮೆರ್ಸೆನನ ಮಾತನ್ನು ನಂಬುವುದು ಅಥವಾ ಬಿಡುವುದು, ಇವೆರಡೇ ಗತಿ.

೪. ಲ್ಯೂಕಾನ ಪರೀಕ್ಷೆ

ಆ ಬೇರೊಂದು ಪ್ರಮಾಣವನ್ನು ಕಂಡವನು ಎದ್ವಾರ್ ಲ್ಯೂಕಾ. ಈತನು ೧೮೪೨ರಲ್ಲಿ ಫ್ರಾನ್ಸಿನ ಅಮ್ಯಾ ಎಂಬ ಊರಿನಲ್ಲಿ ಹುಟ್ಟಿದನು. ಪ್ಯಾರಿಸ್ ನಗರದ ವೇಧಶಾಲೆಯಲ್ಲಿ ಕೆಲಕಾಲ ಕೆಲಸಮಾಡಿದನು. ೧೮೭೦ರ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದನು. ಅನಂತರ ಪ್ರೌಢಶಾಲೆಗಳಲ್ಲಿ ಉಪಾಧ್ಯಾಯನಾಗಿ ೧೮೯೧ರಲ್ಲಿ ತೀರಿಕೊಂಡನು. ಹನೋಯಿ ಗೋಪುರವೆಂಬ ಬಿಲ್ಲೆಗಳ ಆಟವನ್ನು ೧೮೮೩ರಲ್ಲಿ ಕಲ್ಪಿಸಿದವನೂ ಈತನೇ. ಕಾಶಿಯ ದೇವಾಲಯವೊಂದರಲ್ಲಿ ಅರುವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಬ್ರಾಹ್ಮಣರು ಸಾಗಿಸುತ್ತಿರುವರೆಂದು ಆ ಆಟದೊಡನೆ ಪ್ರಚಾರಕ್ಕೆ ಬಂದ ಕಥೆಯು ಪ್ಯಾರಿಸ್ಸಿನಲ್ಲಿ ಹುಟ್ಟಿದ ವಿನೋದವೇ ಹೊರತು ಕಾಶಿಯ ಐತಿಹ್ಯವಲ್ಲ. ಆದರೆ ಆ ಬಿಲ್ಲೆಗಳನ್ನು ಸಾಗಿಸಲು ಬೇಕಾದ ಚಲನೆಗಳು ೨ರ ೬೪ನೆಯ ಘಾತಕ್ಕೆ ಒಂದು ಕಡಮೆ ಎಂಬುದರಿಂದ, ಈ ಜಾತಿಯ ಸಂಖ್ಯೆಗಳು ಆತನ ಮನಸ್ಸಿನಲ್ಲಿ ಎಷ್ಟರಮಟ್ಟಿಗೆ ನೆಲೆಸಿದ್ದುವೆಂಬುದು ತಿಳಿಯುತ್ತದೆ.

ಲ್ಯೂಕಾನು ಭಾಜಕಗಳನ್ನು ಹುಡುಕಲಿಲ್ಲ. ಅವಿಭಾಜ್ಯ ಸಂಖ್ಯೆಯಲ್ಲಿ ಮಾತ್ರ ಇರತಕ್ಕ, ವಿಭಾಜ್ಯದಲ್ಲಿ ಇರಲಾರದ ಲಕ್ಷಣವೊಂದನ್ನು ಹುಡುಕಿದನು. ಅಂಥ ಲಕ್ಷಣವು ಸಿಕ್ಕಿದರೆ, ಧೂಮದಿಂದ ವಹ್ನಿಯನ್ನು ಊಹಿಸುವಂತೆ, ಭಾಜಕಾಭಾವವನ್ನು ಅನುಮಾನದಿಂದ ನಿಶ್ಚಯಿಸಬಹುದು. ಆ ಲಕ್ಷಣವು ದೊರೆತುದು ೧, ೧, ೨, ೩, ೫, ೮, ೧೩ ಎಂಬ ಶ್ರೇಢಿಯಲ್ಲಿ. ಇಲ್ಲಿ ಪ್ರತಿಯೊಂದು ಪದವೂ ಹಿಂದಣ ಎರಡು ಪದಗಳ ಮೊತ್ತ. ಪೀಸಾ ನಗರದ ಲಿಯೊನಾರ್ಡೊವಿನ ೧೨೦೨ರ ಗ್ರಂಥದಲ್ಲಿ ಬಂದಿರುವ ಇದಕ್ಕೆ ಆ ಗ್ರಂಥಕಾರನ ಫಿಬೊನಾಚಿ ಎಂಬ ಹೆಸರನ್ನು ರೂಢಿಗೆ ತಂದವನು ಲ್ಯೂಕಾನೇ.

ಈ ಶ್ರೇಢಿಯೂ ಭಾರತೀಯ ಛಂದಶ್ಶಾಸ್ತ್ರದಲ್ಲಿ ಅದಕ್ಕೂ ಮೊದಲೇ ಇದೆ. ಮೂರು ಮಾತ್ರೆಗೆ ಮೂರು, ನಾಲ್ಕು ಮಾತ್ರೆಗೆ ಐದು, ಐದು ಮಾತ್ರೆಗೆ ಎಂಟು ಗಣಭೇದಗಳೆಂಬುದು ಕನ್ನಡ ಛಂದಸ್ಸನ್ನು ಓದಿದವರಿಗೆ ವಿದಿತ. ವಿರಹಾಂಕನೂ ಹನ್ನೆರಡನೆಯ ಶತಮಾನದ ಹೇಮಚಂದ್ರನೂ ಹಿಂದಣ ಎರಡನ್ನು ಕೂಡಿಸಿ ಮುಂದಣದನ್ನು ಪಡೆಯುವ ನಿಯಮವನ್ನು ಹೇಳಿದ್ದಾರೆ. ಆದರೆ ಇಷ್ಟರಿಂದ ಲ್ಯೂಕಾನ ಪರೀಕ್ಷೆಯು ಛಂದಶ್ಶಾಸ್ತ್ರದಲ್ಲಿ ಅಡಗಿದ್ದಿತೆಂದು ಹೇಳುವುದು ಯುಕ್ತವಲ್ಲ. ಶ್ರೇಢಿಯು ಒಂದೇ ಆದರೂ ಪ್ರಶ್ನೆಗಳು ಬೇರೆ: ಛಂದಸ್ಸಿನವರು ಭೇದಗಳನ್ನು ಎಣಿಸಿದರು, ಲ್ಯೂಕಾನು ಪದಗಳ ಭಾಜಕಗಳನ್ನು ವಿಚಾರಿಸಿದನು. ಪ್ರತಿಯೊಬ್ಬರಿಗೂ ಅವರವರು ಸಾಧಿಸಿದುದನ್ನು ಒಪ್ಪಿಸುವುದೇ ಇತಿಹಾಸದ ಧರ್ಮ.

ಈ ಶ್ರೇಢಿಗೆ ಸೋದರವಾಗಿ ೧, ೩, ೪, ೭, ೧೧, ೧೮, ೨೯, ೪೭ ಎಂಬ ಇನ್ನೊಂದುಂಟು. ಅದಕ್ಕೆ ಲ್ಯೂಕಾ ಸಂಖ್ಯೆಗಳೆಂದು ಹೆಸರು. ಅದರ ಎರಡನೆಯ, ನಾಲ್ಕನೆಯ, ಎಂಟನೆಯ, ಹದಿನಾರನೆಯ ಪದಗಳನ್ನು ಆರಿಸಿಕೊಂಡರೆ ೩, ೭, ೪೭, ೨೨೦೭ ಎಂದಾಗುತ್ತದೆ. ಇಲ್ಲಿ ಪ್ರತಿಯೊಂದನ್ನೂ ವರ್ಗಿಸಿ ಎರಡನ್ನು ಕಳೆದರೆ ಮುಂದಣದು ಬರುತ್ತದೆ. ಘಾತಾಂಕವು ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಯುವ ಅವಿಭಾಜ್ಯವಾಗಿದ್ದರೆ, ಆ ಘಾತಾಂಕಕ್ಕೆ ಒಂದು ಕಡಮೆಯಾದ ಸ್ಥಾನದಲ್ಲಿರುವ ಪದವು ಪರೀಕ್ಷ್ಯಸಂಖ್ಯೆಯಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆಯು ಅವಿಭಾಜ್ಯ, ಇಲ್ಲವಾದರೆ ವಿಭಾಜ್ಯ. ಪದಗಳನ್ನು ಪೂರ್ತಿಯಾಗಿ ಬರೆಯಬೇಕಾಗಿಲ್ಲ. ಪ್ರತಿಯೊಂದು ಹಂತದಲ್ಲಿಯೂ ಪರೀಕ್ಷ್ಯಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಂಡರೆ ಸಾಕು.

ಏಳನೆಯ ಘಾತದ ೧೨೭ನ್ನೇ ಪರೀಕ್ಷಿಸೋಣವೆಂದರೆ ಆರನೆಯ ಪದವನ್ನು ನೋಡಬೇಕು. ೩, ೭, ೪೭ ಆದಮೇಲೆ ೨೨೦೭ರ ಶೇಷ ೪೮. ಅದರ ವರ್ಗದಿಂದ ಎರಡನ್ನು ಕಳೆದ ೨೩೦೨ರ ಶೇಷ ೧೬. ಅದರ ವರ್ಗದಿಂದ ಎರಡನ್ನು ಕಳೆದರೆ ೨೫೪, ಎಂದರೆ ೧೨೭ರ ಇಮ್ಮಡಿ. ಶೇಷವು ಶೂನ್ಯವಾದುದರಿಂದ ೧೨೭ ಅವಿಭಾಜ್ಯ. ಹನ್ನೊಂದನೆಯ ಘಾತದ ೨೦೪೭ಕ್ಕೆ ಹತ್ತನೆಯ ಪದವನ್ನು ನೋಡಬೇಕು. ಶೇಷಗಳು ಕ್ರಮವಾಗಿ ೩, ೭, ೪೭, ೧೬೦, ೧೦೩೪, ೬೨೦, ೧೬೦೯, ೧೪೭೧, ೧೬೦, ೧೦೩೪. ಹತ್ತನೆಯದು ಶೂನ್ಯವಲ್ಲವಾದುದರಿಂದ ೨೦೪೭ ವಿಭಾಜ್ಯ. ಇಷ್ಟರಲ್ಲಿ ೨೩ ಎಂಬ ಭಾಜಕವಾಗಲಿ ೮೯ ಎಂಬ ಭಾಜಕವಾಗಲಿ ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಭಾಜಕವನ್ನು ತೋರಿಸದೆಯೇ ಅದರ ಇರವನ್ನೂ ಇಲ್ಲದಿರವನ್ನೂ ಈ ಪರೀಕ್ಷೆಯು ತಿಳಿಸುತ್ತದೆ.

೧೨೭ನೆಯ ಘಾತದ ಸಂಖ್ಯೆಗೆ ನೂರಿಪ್ಪತ್ತಾರನೆಯ ಪದವು ಬೇಕು. ಎಂದರೆ ನೂರಿಪ್ಪತ್ತೈದು ಸಲ ವರ್ಗಿಸಿ ಎರಡನ್ನು ಕಳೆಯಬೇಕು. ಪದವು ಪರೀಕ್ಷ್ಯಸಂಖ್ಯೆಯನ್ನು ಮೀರಿದಾಗಲೆಲ್ಲ ಭಾಗಿಸಿ ಶೇಷವನ್ನು ತೆಗೆಯಬೇಕು. ಎಂಬತ್ತು ಕೋಟಿ ವರ್ಷಗಳ ಕಾರ್ಯವು ಒಬ್ಬ ಮನುಷ್ಯನು ಕೈಯಿಂದ ಮಾಡಿ ಮುಗಿಸಬಹುದಾದ ಕಾರ್ಯವಾಯಿತು. ಲ್ಯೂಕಾನು ಇದನ್ನು ದ್ವಿಮಾನಪದ್ಧತಿಯಲ್ಲಿ, ಚದುರಂಗದ ಹಾಸಿನಂತೆ ಮನೆಗಳನ್ನು ಹಾಕಿ, ಅಂಕವಿರುವ ಮನೆಯಲ್ಲಿ ಕಾಯಿಯನ್ನಿಟ್ಟು ನಡೆಸುವ ಕ್ರಮವನ್ನು ವಿವರಿಸಿದ್ದಾನೆ. ಆ ಪದ್ಧತಿಯಲ್ಲಿ ಈ ಸಂಖ್ಯೆಯು ನೂರಿಪ್ಪತ್ತೇಳು ಒಂದುಗಳ ಸಾಲು, ಸರ್ವಲಘುಪಾದದಂತೆ; ಸಾಲನ್ನು ಮೀರಿದ ಕಾಯಿಗಳನ್ನು ಮತ್ತೆ ಮೊದಲಿನಿಂದ ಕೂಡಿಸಿದರೆ ಭಾಗಾಹಾರವು ತಾನಾಗಿಯೇ ಆಗುತ್ತದೆ. ಹೀಗೆ ಕಂಡ ಫಲವನ್ನು ೧೮೭೬ರಲ್ಲಿ ಪ್ರಕಟಿಸಿದನು. ಅದೇ ವರ್ಷ, ಮೆರ್ಸೆನನು ಅವಿಭಾಜ್ಯವೆಂದಿದ್ದ ೬೭ನೆಯ ಘಾತದ ಸಂಖ್ಯೆಯು ವಿಭಾಜ್ಯವೆಂದೂ ತಿಳಿಸಿದನು.

೫. ಪ್ರಮಾಣದ ಪರಿಶೋಧನೆ

ಒಂದು ಪೂರ್ವಪಕ್ಷವನ್ನು ಇಲ್ಲಿ ಎತ್ತಬಹುದು: ಲ್ಯೂಕಾನು ಲೆಕ್ಕದಲ್ಲಿ ತಪ್ಪಿರಬಾರದೇಕೆ? ಆತನ ನಿಯಮಕ್ಕೆ ವ್ಯಾಪ್ತಿಯು ಸಿದ್ಧವಾಗಿದ್ದಿತೆ? ಇವು ನ್ಯಾಯವಾದ ಪ್ರಶ್ನೆಗಳೇ. ಆತನ ಲೇಖನಗಳಲ್ಲಿ ಉಪಪತ್ತಿಯು ಎಲ್ಲೆಡೆಯಲ್ಲಿಯೂ ಪೂರ್ಣವಾಗಿರಲಿಲ್ಲ. ೧೯೧೪ರಲ್ಲಿ ಫ್ರಾನ್ಸಿನ ಫೋಕಾಂಬೆರ್ಗ್ ಎಂಬವನು ೧೨೭ರ ಫಲವನ್ನು ಮರಳಿ ಪರೀಕ್ಷಿಸಿ ಸ್ಥಿರಪಡಿಸಿದನು. ಅಮೆರಿಕದ ಲೇಮರನು ೧೯೩೦ರಲ್ಲಿ ನಿಯಮವನ್ನು ಎರಡನ್ನುಳಿದು ಎಲ್ಲ ಅವಿಭಾಜ್ಯ ಘಾತಾಂಕಗಳಿಗೂ ಅನ್ವಯಿಸುವಂತೆ ತಿದ್ದಿ ಪೂರ್ಣವಾದ ಉಪಪತ್ತಿಯನ್ನು ಕೊಟ್ಟನು. ಅಂದಿನಿಂದ ಅದು ಲ್ಯೂಕಾ–ಲೇಮರ್ ಪರೀಕ್ಷೆಯೆಂದು ಪ್ರಸಿದ್ಧವಾಗಿದೆ.

ಅಷ್ಟರಲ್ಲಿ ಮೆರ್ಸೆನನ ಪಟ್ಟಿಯ ತಪ್ಪುಗಳೂ ಒಂದೊಂದಾಗಿ ಹೊರಬಿದ್ದುವು. ಆತನು ಬಿಟ್ಟಿದ್ದ ೬೧ ಅವಿಭಾಜ್ಯವನ್ನು ಕೊಡುವುದೆಂದು ರಷ್ಯದ ಪೆರ್ವುಷಿನ್ ಎಂಬ ಪಾದ್ರಿಯು ೧೮೮೩ರಲ್ಲಿ ಕಂಡನು. ೮೯, ೧೦೭ ಇವುಗಳನ್ನು ೧೯೧೧ರಲ್ಲಿಯೂ ೧೯೧೪ರಲ್ಲಿಯೂ ಪವರ್ಸ್ ಎಂಬವನು ಸೇರಿಸಿದನು. ಕೊನೆಯ ೨೫೭ ವಿಭಾಜ್ಯವನ್ನು ಕೊಡುವುದೆಂಬುದು ೧೯೨೦ರ ದಶಕದಲ್ಲಿ ನಿಶ್ಚಯವಾಯಿತು. ಒಟ್ಟಿನಲ್ಲಿ ಐದು ತಪ್ಪುಗಳು. ೬೭ರ ಭಾಜಕಗಳನ್ನು ೧೯೦೩ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತಸಭೆಯಲ್ಲಿ ಕೋಲ್ ಎಂಬವನು ಮುಂದಿಟ್ಟನು. ಆತನು ಮಾತನಾಡದೆ ಕರಿಹಲಗೆಯ ಮೇಲೆ ೧೯೩೭೦೭೭೨೧ನ್ನು ೭೬೧೮೩೮೨೫೭೨೮೭ರಿಂದ ಗುಣಿಸಿ, ೧೪೭೫೭೩೯೫೨೫೮೯೬೭೬೪೧೨೯೨೭ ಎಂಬ ಫಲವನ್ನು ತೋರಿಸಿ ಕುಳಿತನೆಂದು ಬೆಲ್ ಎಂಬ ಇತಿಹಾಸಕಾರನು ಬರೆದಿದ್ದಾನೆ. ವಿಭಾಜ್ಯತ್ವಕ್ಕೆ ಇಂಥ ಪ್ರತ್ಯಕ್ಷವು ದೊರೆಯಬಹುದು. ಅವಿಭಾಜ್ಯತ್ವಕ್ಕೆ ಕರಿಹಲಗೆಯ ಮೇಲೆ ಬರೆದು ತೋರಿಸುವ ಇಂಥ ಗುಣಾಕಾರವಿಲ್ಲ. ಅಲ್ಲಿ ವ್ಯಾಪ್ತಿಯ ದಾರ್ಢ್ಯವೂ ಲೆಕ್ಕದ ಶುದ್ಧಿಯೂ ಎರಡೂ ಬೇಕು.

ಈಗ ಮೊದಲಿನ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಮರವನ್ನು ಕೊರೆದ ಹುಳುವಿನ ಜಾಡು ಅಕ್ಷರದಂತೆ ಕಂಡರೂ ಹುಳುವಿಗೆ ಅಕ್ಷರಜ್ಞಾನವಿಲ್ಲವೆಂಬುದು ಘುಣಾಕ್ಷರನ್ಯಾಯ. ಮೆರ್ಸೆನನ ಪಟ್ಟಿಯಲ್ಲಿ ೧೨೭ ಸರಿಯಾದುದು ಅಂಥದು. ಅದೇ ಪಟ್ಟಿಯಲ್ಲಿ ೬೭ ತಪ್ಪಾದುದೇ ಇದಕ್ಕೆ ಸಾಕ್ಷಿ. ಹಾಗೆಂದು ಆತನನ್ನು ಹಳಿಯುವುದೂ ಸರಿಯಲ್ಲ. ಆತನು ಪಟ್ಟಿಯನ್ನು ಬರೆಯದಿದ್ದರೆ ಪರೀಕ್ಷಿಸುವವರಿಗೆ ವಿಷಯವೇ ಇರುತ್ತಿರಲಿಲ್ಲ. ಆಪ್ತವಾಕ್ಯವು ವಿಚಾರಕ್ಕೆ ಆರಂಭವಾಗಬಲ್ಲುದು. ಗಣಿತದಲ್ಲಿ ಅದು ಅಂತ್ಯವಾಗಲಾರದು.

೬. ಉಪಸಂಹಾರ

ಈ ಸಂಖ್ಯೆಯು ೧೮೭೬ರಿಂದ ೧೯೫೧ರವರೆಗೆ ಎಪ್ಪತ್ತೈದು ವರ್ಷ, ಗೊತ್ತಿರುವ ಅವಿಭಾಜ್ಯಗಳಲ್ಲೆಲ್ಲ ದೊಡ್ಡದೆಂಬ ಸ್ಥಾನದಲ್ಲಿತ್ತು. ೧೯೫೧ರಲ್ಲಿ ಫೆರಿಯೆ ಎಂಬವನು ಕೈಯಂತ್ರದ ಸಹಾಯದಿಂದ ನಲವತ್ತನಾಲ್ಕು ಅಂಕಗಳ ಅವಿಭಾಜ್ಯವೊಂದನ್ನು ಸಾಧಿಸಿದನು. ಅದೇ ವರ್ಷ ಕೇಂಬ್ರಿಜ್ಜಿನ ವಿದ್ಯುದ್ಗಣಕಯಂತ್ರದಿಂದ ಎಪ್ಪತ್ತೊಂಬತ್ತು ಅಂಕಗಳದು ದೊರೆಯಿತು. ೧೯೫೨ರ ಜನವರಿಯಲ್ಲಿ ೫೨೧, ೬೦೭ ಎಂಬ ಘಾತಾಂಕಗಳು ಸಿಕ್ಕಿದುವು. ೨೦೨೪ರಲ್ಲಿ ೧೩೬೨೭೯೮೪೧ ಎಂಬ ಘಾತಾಂಕದಿಂದ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಗಳ ಅವಿಭಾಜ್ಯವು ಕಂಡುಬಂದಾಗಲೂ ಅದನ್ನು ಸ್ಥಿರಪಡಿಸಿದುದು ಲ್ಯೂಕಾ–ಲೇಮರ್ ಪರೀಕ್ಷೆಯೇ. ಅದೂ ಬೇರೆ ಬೇರೆ ಯಂತ್ರಗಳಲ್ಲಿ ಮರಳಿ ಮರಳಿ ನಡೆಸಿದ ಮೇಲೆ.

ಲ್ಯೂಕಾನು ಫಲವನ್ನು ಪ್ರಕಟಿಸಿದ ವರ್ಷದಲ್ಲಿಯೇ ಬೆಲ್ಜಿಯಂ ದೇಶದ ಕಾತಲಾನ್ ಎಂಬ ಗಣಿತಜ್ಞನು ಒಂದು ಸಂಗತಿಯನ್ನು ಗಮನಿಸಿದನು. ೨ನ್ನು ಘಾತಾಂಕವಾಗಿಟ್ಟರೆ ೩, ೩ನ್ನಿಟ್ಟರೆ ೭, ೭ನ್ನಿಟ್ಟರೆ ೧೨೭, ೧೨೭ನ್ನಿಟ್ಟರೆ ಪ್ರಕೃತ ಸಂಖ್ಯೆ, ಎಲ್ಲವೂ ಅವಿಭಾಜ್ಯಗಳು. ಪ್ರಕೃತ ಸಂಖ್ಯೆಯನ್ನೇ ಘಾತಾಂಕವಾಗಿಟ್ಟರೆ ಬರುವುದೂ ಅವಿಭಾಜ್ಯವೆ? ಆ ಸಂಖ್ಯೆಯ ಅಂಕಗಳನ್ನು ಎಣಿಸುವುದಕ್ಕೇ ಮೂವತ್ತೆಂಟು ಸ್ಥಾನಗಳ ಸಂಖ್ಯೆಯು ಬೇಕಾದುದರಿಂದ ಲ್ಯೂಕಾನ ಪರೀಕ್ಷೆಯೂ ಅಲ್ಲಿಗೆ ಹೋಗಲಾರದು. ಮೊದಲ ನಾಲ್ಕು ಸರಿಯಾದುವಾದುದರಿಂದ ಐದನೆಯದೂ ಸರಿಯೆನ್ನುವುದು ಮೆರ್ಸೆನನ ದಾರಿಯನ್ನೇ ಹಿಡಿದಂತೆ. ಅದಕ್ಕೆ ಭಾಜಕವು ಕಾಣಿಸುವವರೆಗೆ, ಅಥವಾ ಹೊಸತೊಂದು ಲಕ್ಷಣವು ಸಿಕ್ಕುವವರೆಗೆ, ಅದು ಸಂದೇಹಕೋಟಿಯಲ್ಲಿಯೇ ನಿಲ್ಲತಕ್ಕದ್ದು. ೧೨೭ನೆಯ ಘಾತದ ಸಂಖ್ಯೆಯೂ ಇನ್ನೂರ ಮೂವತ್ತೆರಡು ವರ್ಷ ಹಾಗೆಯೇ ನಿಂತಿತ್ತು.